ಹಿಂದಿನವರ ಬಾಳು ನಿಜವಾಗಿಯೂ ಚೆನ್ನಾಗಿತ್ತೇ?

ಕಳೆದ ಮೇ ತಿಂಗಳಲ್ಲಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮುಂಗಾರು ಪೂರ್ವ ರೈತ ತರಬೇತಿ ಏರ್ಪಾಟಾಗಿತ್ತು. ಖುಷ್ಕಿ ರಾಗಿ ಬೇಸಾಯದ ಬಗ್ಗೆ ನಾನು ಮಾತು ಮುಗಿಸಿದಾಗ, ಅರಳಿಕಟ್ಟೆಯ ಅಂಚಿನಲ್ಲಿ ಕುಳಿತಿದ್ದ ಎಂಬತ್ತು ದಾಟಿದ ಯಜಮಾನರೊಬ್ಬರು ಎದ್ದು ನಿಂತರು. “ಸ್ವಾಮಿ, ನೀವು ಹೇಳಿದ್ದೆಲ್ಲ ಸರಿ. ಆದರೆ ನಮ್ಮಪ್ಪನ ಕಾಲದಲ್ಲಿ ಈ ಗೊಬ್ಬರದ ಮೂಟೆ ಇರ್ಲಿಲ್ಲ, ಬ್ಯಾಂಕಿನ ಸಾಲ ಇರ್ಲಿಲ್ಲ. ಕೆರೇಲಿ ನೀರಿತ್ತು, ಹಗೇವು ತುಂಬ ರಾಗಿ ಇತ್ತು, ಜನ ಗಟ್ಟಿಯಾಗಿದ್ರು. ಆ ಕಾಲವೇ ಚೆಂದ” ಎಂದರು. ಸಭೆಯೆಲ್ಲ ತಲೆದೂಗಿತು.

ಅಷ್ಟಕ್ಕೆ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವರ ಮೊಮ್ಮಗ, ಇಪ್ಪತ್ತೈದು ಇಪ್ಪತ್ತಾರರ ಯುವಕ, ಕೇಳಿದ: “ಹಾಗಾದ್ರೆ ಸಾರ್, ಈ ಸಲ ಗೊಬ್ಬರ ಬಿಟ್ಟು ತಾತ ಹೇಳೋ ಥರಾನೇ ಮಾಡ್ಲಾ? ಇರೋದು ಎರಡೇ ಎಕರೆ. ತಪ್ಪಾದ್ರೆ ವರ್ಷದ ರಾಗಿ ಹೋಗುತ್ತೆ.”

ಇದು ಕಟ್ಟೆಯ ಮೇಲಿನ ಹರಟೆಯಲ್ಲ, ಒಂದು ಮನೆಯ ಊಟದ ಪ್ರಶ್ನೆ. ನಿಂತಲ್ಲೇ ಉತ್ತರ ಹೇಳುವುದು ಸರಿಯಲ್ಲವೆನ್ನಿಸಿ, ಹದಿನೈದು ದಿನ ಬಿಟ್ಟು ಬರುತ್ತೇನೆಂದು ಹೇಳಿ ಬಂದೆ. ಆ ಹದಿನೈದು ದಿನಗಳಲ್ಲಿ ಹಾಕಿದ ಲೆಕ್ಕವನ್ನೇ ಓದುಗ ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ.

ಉಳಿದವರ ನೆನಪು

ಹಿಂದಿನ ಕಾಲದ ಸುಖವನ್ನು ನಮಗೆ ಹೇಳುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಆ ಕಾಲವನ್ನು ದಾಟಿ ಬದುಕಿ ಉಳಿದವರು ಮಾತ್ರ ಹೇಳುತ್ತಾರೆ. ತೀರಿಹೋದವರ ಸಾಕ್ಷ್ಯ ನಮಗೆ ಸಿಗುವುದಿಲ್ಲ. 1951ರಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು 70ರ ಹತ್ತಿರವಿದೆ. ಮೂವತ್ತೆರಡು ಎಂದರೆ ಎಲ್ಲರೂ ಮೂವತ್ತೆರಡಕ್ಕೇ ಸಾಯುತ್ತಿದ್ದರು ಎಂದು ಅರ್ಥವಲ್ಲ. ಬಾಲ್ಯ ದಾಟಿದವರು ಅರವತ್ತು ಎಪ್ಪತ್ತು ಬದುಕಿದ್ದುಂಟು, ಅವರು ಗಟ್ಟಿಯಾಗಿದ್ದದ್ದೂ ಉಂಟು. ಬಾಲ್ಯವನ್ನು ದಾಟುವುದೇ ಕಷ್ಟವಾಗಿತ್ತು. ನನ್ನ ಅಜ್ಜಿ ಹೆತ್ತದ್ದು ಎಂಟು, ಉಳಿದದ್ದು ನಾಲ್ಕು. ಹೋದವುಗಳಲ್ಲಿ ಎರಡಕ್ಕೆ ಹೆಸರನ್ನೇ ಇಟ್ಟಿರಲಿಲ್ಲ. ಅಜ್ಜಿ ಇದನ್ನು ದೊಡ್ಡ ದುಃಖವೆಂದು ಹೇಳಿದ್ದನ್ನು ನಾನು ಕೇಳಿಲ್ಲ. ಊರಿನ ಎಲ್ಲ ಮನೆಗಳಲ್ಲೂ ಹಾಗೆಯೇ ಇತ್ತು.

ಸಿಡುಬು ನಮ್ಮ ದೇಶದಿಂದ ಕಾಲ್ತೆಗೆದದ್ದು 1975ರಲ್ಲಿ. ಮೆಟ್ಟಿಲು ಬಾವಿಗಿಳಿದು ನೀರು ತರುತ್ತಿದ್ದ ಊರುಗಳಲ್ಲಿ ನಾರುಹುಣ್ಣು ಸಾಮಾನ್ಯವಾಗಿತ್ತು. ಕಾಲಿನಿಂದ ಮೊಳದುದ್ದದ ಹುಳು ದಿನಕ್ಕಿಷ್ಟಿಷ್ಟೇ ಹೊರಬರುವವರೆಗೆ ಬಿತ್ತನೆಯ ಕಾಲದಲ್ಲಿಯೇ ರೈತ ಮಲಗಿರಬೇಕಾಗಿತ್ತು. ಕರ್ನಾಟಕವೂ ಆ ಪೀಡೆಯ ರಾಜ್ಯಗಳಲ್ಲಿ ಒಂದು. ಭಾರತ ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 2000ದಲ್ಲಿ. ಇನ್ನು ದನಗಳ ದೊಡ್ಡರೋಗ. ಅದು ಊರಿಗೆ ನುಗ್ಗಿದರೆ ವಾರದೊಳಗೆ ಕೊಟ್ಟಿಗೆ ಬರಿದಾಗಿ, ನೇಗಿಲಿಗೆ ಎತ್ತಿಲ್ಲದೆ ಹೊಲ ಬೀಳು ಬೀಳುತ್ತಿತ್ತು. 2011ರಲ್ಲಿ ಅದು ಇಡೀ ಪ್ರಪಂಚದಿಂದಲೇ ನಿರ್ಮೂಲವಾಯಿತು. ಇಂದಿನ ಯುವಕರು ಆ ಹೆಸರನ್ನೂ ಕೇಳಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುವುದು ಹೀಗೆಯೇ.

ಹಗೇವು ಏಕಿತ್ತು?

ಯಜಮಾನರು ಹೇಳಿದ ಹಗೇವಿನ ಮಾತು ಸುಳ್ಳಲ್ಲ. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ ಬಿಟ್ಟು, ಒಳಗೆ ಅಗಲವಾಗಿ ಗುಂಡಿ ತೋಡಿ, ಸುತ್ತಲೂ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳಿನ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳ ಬದುಕುವುದಿಲ್ಲ. ರಾಗಿಯ ಕಾಳೂ ಸಣ್ಣದು, ಗಟ್ಟಿ. ಹೀಗಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. (ಈಗಲೂ ಹಳೆಯ ಹಗೇವು ತೆರೆಯುವವರು ಒಂದು ದಿನ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಯಾರೂ ಇಳಿಯಕೂಡದು. ಇದರಲ್ಲಿ ಪ್ರಾಣ ಹೋದದ್ದುಂಟು.)

ಆದರೆ ಹಗೇವು ಸಮೃದ್ಧಿಯ ಗುರುತು ಎನ್ನುವುದಕ್ಕಿಂತ ಭಯದ ಗುರುತು ಎಂದು ನನಗೆ ತೋರುತ್ತದೆ. ಮೂರು ವರ್ಷಕ್ಕೊಮ್ಮೆ ಮಳೆ ಕೈಕೊಡುವ ನಾಡಿನಲ್ಲಿ, ಹೊರಗಿನಿಂದ ಧಾನ್ಯ ಬರುವ ದಾರಿಯಿಲ್ಲದಾಗ, ಕೈಲಾದವರು ನೆಲದಲ್ಲಿ ಹೂತಿಟ್ಟರು. ಕೈಲಾಗದವರ ಗತಿ ಏನೆಂಬುದನ್ನು 1876-78ರ ಧಾತು ಈಶ್ವರದ ಬರ ತೋರಿಸಿತು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಎಣಿಸಿದಾಗ ಅದು ಸುಮಾರು 41.9 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕಿಂತ ಹೆಚ್ಚು ಕುಗ್ಗಿತು.

ಈ ಶತಮಾನದಲ್ಲಿಯೂ ಬರ ಬಂದಿದೆ. 2016ರ ಬರ ಕಡಿಮೆಯದೇನಲ್ಲ. ದನಗಳಿಗೆ ಮೇವು ಹುಡುಕಿ ರೈತರು ಸೋತರು. ಆದರೆ ಪಡಿತರದ ಅಕ್ಕಿ ಊರಿಗೆ ಬಂತು, ಜನ ಹಸಿದು ಊರು ಬರಿದಾಗಲಿಲ್ಲ. ಇಂದಿನ ಬರ ರೈತನನ್ನು ಹಿಡಿಯುವುದು ಹೊಟ್ಟೆಯ ಕಡೆಯಿಂದಲ್ಲ, ಸಾಲದ ಕಡೆಯಿಂದ. ಅದೂ ಪ್ರಾಣ ತೆಗೆಯುತ್ತದೆ ಎಂಬುದನ್ನು ನಾನು ಮರೆಯುವುದಿಲ್ಲ. ಹಾಗೆಂದು ಹಿಂದೆ ಸಾಲವಿರಲಿಲ್ಲವೇ? ಬ್ಯಾಂಕಿನ ಸಾಲ ಇರಲಿಲ್ಲ, ಸಾಹುಕಾರರ ಸಾಲವಿತ್ತು. ಅದನ್ನು ತೀರಿಸಲಾಗದವನ ಮಗ ಜೀತಕ್ಕೆ ಹೋಗುತ್ತಿದ್ದ. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1975-76ರಲ್ಲಿ. ಗೇಣಿದಾರನಿಗೆ ಉಳುವ ಭೂಮಿಯ ಹಕ್ಕು ಸಿಕ್ಕಿದ್ದು 1974ರ ಭೂಸುಧಾರಣೆಯಿಂದ. ಅಲ್ಲಿಯವರೆಗೆ ಅವನು ಬೆಳೆದದ್ದರಲ್ಲಿ ಅರ್ಧ ಮತ್ತೊಬ್ಬರ ಕಣಜಕ್ಕೆ ಹೋಗುವುದು ಸಾಮಾನ್ಯ. ಊರಿನಲ್ಲಿ ಹಗೇವು ಇತ್ತು ಎಂದಾಗ ಯಾರ ಹಗೇವು ಎಂದು ಕೇಳುವುದು ನ್ಯಾಯ. ಆ ರಾಗಿಯನ್ನು ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಿದ್ದ ಹೆಂಗಸರನ್ನು ಕೇಳಿದರೆ, ಹಿಟ್ಟಿನ ಗಿರಣಿ ಬಂದದ್ದೇ ತಮ್ಮ ಸ್ವಾತಂತ್ರ್ಯ ಎಂದಾರು.

ಅಜ್ಜನ ಗೊಬ್ಬರ, ಅಜ್ಜನ ಇಳುವರಿ

ಈಗ ಯುವಕನ ಪ್ರಶ್ನೆಗೆ ಬರೋಣ. ರಸಗೊಬ್ಬರವಿಲ್ಲದೆ ಹಿಂದಿನವರು ಬೆಳೆದದ್ದು ನಿಜ. ಎಷ್ಟು ಬೆಳೆದರು? ನಾಟಿ ತಳಿಗಳಿಂದ ಖುಷ್ಕಿಯಲ್ಲಿ ಎಕರೆಗೆ ಮೂರೂವರೆ ಕ್ವಿಂಟಾಲ್ ರಾಗಿ ಬಂದರೆ ಬೆಳೆ ಚೆನ್ನಾಗಿದೆ ಎನ್ನುತ್ತಿದ್ದರು.

ಒಂದು ಕ್ವಿಂಟಾಲ್ ರಾಗಿಕಾಳು ನೆಲದಿಂದ ಸುಮಾರು 1.2 ಕಿ.ಗ್ರಾಂ ಸಾರಜನಕವನ್ನು ಒಯ್ಯುತ್ತದೆ. ಒಂದು ಕ್ವಿಂಟಾಲ್ ಹುಲ್ಲು ಅರ್ಧ ಕಿಲೋಗಿಂತ ತುಸು ಹೆಚ್ಚು. ಮೂರೂವರೆ ಕ್ವಿಂಟಾಲ್ ಕಾಳು, ಅದರ ಹುಲ್ಲು ಸೇರಿ ಏಳೆಂಟು ಕಿಲೋ ಸಾರಜನಕ ಸಾಕು. ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರಲ್ಲಿರುವುದು 15 ಕಿಲೋ. ಮೊದಲ ವರ್ಷ ಬೆಳೆಗೆ ದಕ್ಕುವುದು ಸುಮಾರು ಮೂರನೆಯ ಒಂದು ಪಾಲು, ಎಂದರೆ 5 ಕಿಲೋ. ಉಳಿದದ್ದನ್ನು ಹಿಂದಿನ ವರ್ಷಗಳ ಗೊಬ್ಬರ ಮತ್ತು ನೆಲ ಕೊಡುತ್ತದೆ. ಅಜ್ಜನ ಲೆಕ್ಕ ಸರಿಯಾಗಿಯೇ ಹೊಂದಿತ್ತು.

ಅದೇ ಹೊಲದಲ್ಲಿ 10 ಕ್ವಿಂಟಾಲ್ ಬೇಕೆಂದರೆ ಬೆಳೆ ಕೇಳುವುದು 20 ಕಿಲೋ ಸಾರಜನಕ. ಕೊಟ್ಟಿಗೆ ಗೊಬ್ಬರವೊಂದೇ ಅದನ್ನು ಒಂದೇ ವರ್ಷದಲ್ಲಿ ಕೊಡಲಾರದು. ಅಜ್ಜನ ಗೊಬ್ಬರದಿಂದ ಅಜ್ಜನ ಇಳುವರಿ ಬರುತ್ತದೆ. 1970-71ರ ಕೃಷಿ ಗಣತಿಯಲ್ಲಿ ಕರ್ನಾಟಕದ ಒಂದು ಹಿಡುವಳಿಯ ಸರಾಸರಿ ಗಾತ್ರ 3.20 ಹೆಕ್ಟೇರು, ಅಂದರೆ ಎಂಟು ಎಕರೆ. 2015-16ರಲ್ಲಿ ಅದು 1.36 ಹೆಕ್ಟೇರು, ಮೂರೂವರೆ ಎಕರೆಯೂ ಇಲ್ಲ. ಎಂಟು ಎಕರೆಯಲ್ಲಿ ಮೂರೂವರೆ ಕ್ವಿಂಟಾಲಿನಂತೆ ಬೆಳೆದರೆ ಮನೆ ನಡೆಯುತ್ತದೆ. ಎರಡು ಎಕರೆಯಲ್ಲಿ ನಡೆಯುವುದಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆತುಬಿಡುತ್ತೇವೆ. ಆ ಗೊಬ್ಬರ ಪೂರ್ತಿಯಾಗಿ ಹೊಲದಿಂದಲೇ ಬಂದದ್ದಲ್ಲ. ದನ ಹಗಲೆಲ್ಲ ಗೋಮಾಳದಲ್ಲಿ ಮೇದು ರಾತ್ರಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿತ್ತು. ಗೋಮಾಳದ ಸಾರ ಹೊಲಕ್ಕೆ ಬರುತ್ತಿತ್ತು. ಈಗ ಅನೇಕ ಊರುಗಳಲ್ಲಿ ಗೋಮಾಳ ಹೆಸರಿಗೆ ಮಾತ್ರ ಉಳಿದಿದೆ.

ಇಳುವರಿಯನ್ನು ಏರಿಸಿದ್ದು ಗೊಬ್ಬರವೊಂದೇ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು 1970ರ ದಶಕದಲ್ಲಿ. ಮುಂದೆ 1990ರ ದಶಕದಲ್ಲಿ ಜಿಪಿಯು-28 ಬಂದು ಇಲುಕು ರೋಗದ ಕಾಟ ತಗ್ಗಿತು. ತೆನೆಯ ಕತ್ತು ಕಪ್ಪಾಗಿ ಕಾಳು ಜೊಳ್ಳಾಗುವುದನ್ನು ಕಂಡ ರೈತರಿಗೆ ಇದರ ಬೆಲೆ ಗೊತ್ತು. ಇದಕ್ಕೆ ಔಷಧಿ ಸಿಂಪಡಿಸಬೇಕಾಗಿಲ್ಲ, ರೋಗ ತಡೆಯುವ ಗುಣ ಬೀಜದಲ್ಲಿಯೇ ಇದೆ.

ಯಜಮಾನರು ಹೇಳಿದ್ದರಲ್ಲಿ ಸತ್ಯವಾದದ್ದು

ಇಲ್ಲಿಯವರೆಗೆ ಓದಿದವರು, ಈ ವಿಜ್ಞಾನಿ ಹಳೆಯದನ್ನೆಲ್ಲ ಹಳಿಯಲು ಹೊರಟಿದ್ದಾನೆ ಎಂದುಕೊಳ್ಳಬಾರದು. ಯಜಮಾನರ ದೂರಿನಲ್ಲಿ ಕೆರೆಯ ಮಾತು ಅಕ್ಷರಶಃ ನಿಜ. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಮಿಗಿಲಾದ ಕೆರೆಗಳಿವೆ. ನೀರುಗಂಟಿ ತೂಬು ನೋಡಿಕೊಳ್ಳುತ್ತಿದ್ದ, ಬೇಸಿಗೆಯಲ್ಲಿ ರೈತರು ಕೆರೆಯ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯ ಹೂಳು ಹೋಗುತ್ತಿತ್ತು, ಕೆಂಪು ಮಣ್ಣಿಗೆ ತೇವ ಹಿಡಿಯುವ ಶಕ್ತಿ ಬರುತ್ತಿತ್ತು. ಕೊಳವೆ ಬಾವಿ ಬಂದ ಮೇಲೆ ಕೆರೆಯ ಕಡೆ ತಿರುಗಿ ನೋಡುವವರಿಲ್ಲದಾಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿ ಮೀರಿ ಕೊರೆಯುವ ಸ್ಥಿತಿ ಬಂದಿದೆ. ಅಷ್ಟು ಆಳದಲ್ಲಿ ಸಿಕ್ಕ ನೀರಿನಲ್ಲೂ ಫ್ಲೋರೈಡ್. ಇದು ತಾತನ ಕಾಲ ಕೊಟ್ಟ ಆಸ್ತಿಯನ್ನು ನಮ್ಮ ಕಾಲ ತಿಂದು ಮುಗಿಸಿದ ಕಥೆ.

ಎರಡನೆಯದು ಅಕ್ಕಡಿ. ಹಿಂದೆ ರಾಗಿಯನ್ನು ಒಂದೇ ಬೆಳೆಯಾಗಿ ಬಿತ್ತುವವರು ಕಡಿಮೆ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿಡುತ್ತಿದ್ದರು. ಬದುವಿನಂಚಿಗೆ ಹರಳು. ರಾಗಿ ಸೋತರೂ ಅವರೆ ಕೈಹಿಡಿಯುತ್ತಿತ್ತು, ಮುದ್ದೆಗೆ ಸಾರು ಹೊಲದಲ್ಲೇ ಇರುತ್ತಿತ್ತು. 1951ರಲ್ಲಿ ದೇಶದಲ್ಲಿ ತಲೆಗೆ ದಿನಕ್ಕೆ ಸುಮಾರು 60 ಗ್ರಾಂ ಬೇಳೆಕಾಳು ಲಭ್ಯವಿತ್ತು. 2000ದ ನಂತರದ ಕೆಲವು ವರ್ಷಗಳಲ್ಲಿ ಅದು 30-35 ಗ್ರಾಂಗೆ ಇಳಿಯಿತು. ಆಮೇಲೆ ಸುಧಾರಿಸಿದೆಯಾದರೂ ಹಳೆಯ ಮಟ್ಟ ಮುಟ್ಟಿಲ್ಲ. ಅಕ್ಕಿ, ಗೋಧಿ ಹೆಚ್ಚಾದವು, ಬೇಳೆ ಕಡಿಮೆಯಾಯಿತು. “ಜನ ಗಟ್ಟಿಯಾಗಿದ್ರು” ಎಂಬ ಮಾತಿನಲ್ಲಿ ಇಷ್ಟು ಹುರುಳಿದೆ. ಅಕ್ಕಡಿಯನ್ನು ಹಿಂದುಳಿದ ಪದ್ಧತಿಯೆಂದು ತಳ್ಳಿ, ಅಚ್ಚುಕಟ್ಟಾಗಿ ಒಂದೇ ಬೆಳೆ ಮಾಡಿರೆಂದು ಸಾರಿದವರಲ್ಲಿ ನಾವು ಕೃಷಿ ವಿಜ್ಞಾನಿಗಳೂ ಇದ್ದೆವು. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೂರನೆಯದು ತಿಪ್ಪೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ದಶಕಗಳಿಂದ ಒಂದೇ ತಾಕಿನಲ್ಲಿ ಒಂದೇ ರೀತಿಯ ಗೊಬ್ಬರ ಹಾಕುತ್ತಾ ಬಂದಿರುವ ದೀರ್ಘಾವಧಿ ಪ್ರಯೋಗಗಳಿವೆ. ಬರೀ ಸಾರಜನಕ ಗೊಬ್ಬರ ಹಾಕಿದ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ನೆಲಕಚ್ಚಿತು. ಕೊಟ್ಟಿಗೆ ಗೊಬ್ಬರವನ್ನೂ ಶಿಫಾರಸು ಮಾಡಿದ ರಸಗೊಬ್ಬರವನ್ನೂ ಕೂಡಿಸಿ ಹಾಕಿದ ತಾಕುಗಳೇ ಮೇಲುಗೈ ಪಡೆದಿವೆ, ಮಳೆ ಕಡಿಮೆಯಾದ ವರ್ಷಗಳಲ್ಲಿಯೂ ತಕ್ಕಮಟ್ಟಿಗೆ ತಾಳಿಕೊಂಡಿವೆ. ಆದ್ದರಿಂದ ಯೂರಿಯಾ ಮೂಟೆಯನ್ನೇ ನಂಬಿ ತಿಪ್ಪೆ ಬಿಟ್ಟವನು ತಾತನಿಗಿಂತ ದಡ್ಡನಾದ. ತಿಪ್ಪೆಯನ್ನೇ ನಂಬಿ ಮೂಟೆ ಬಿಟ್ಟವನು ತಾತನಷ್ಟೇ ಬೆಳೆಯುತ್ತಾನೆ.

ಎರಡು ಎಕರೆಯ ಯೋಜನೆ

ಈ ಲೆಕ್ಕ ಹಿಡಿದು ಮತ್ತೆ ಆ ಹಳ್ಳಿಗೆ ಹೋದೆ. ಯುವಕನ ಮನೆಯಲ್ಲಿ ಎರಡು ಹಸುಗಳಿವೆ. ಒಂದು ಹಸುವಿನಿಂದ, ಗಂಜಲ ಹೀರಿದ ಹಾಸುಹುಲ್ಲೂ ಸೇರಿ, ವರ್ಷಕ್ಕೆ ಮೂರು ಟನ್ನಿಗೆ ಕಡಿಮೆಯಿಲ್ಲದೆ ಗೊಬ್ಬರ ಮಾಡಬಹುದು. ಎರಡು ಎಕರೆಗೆ ಎಕರೆಗೆ 3 ಟನ್ನಿನಂತೆ ಅದು ಸಾಕು. ಆದರೆ ಅವನು ತಿಪ್ಪೆಯನ್ನು ಪ್ರತಿ ವರ್ಷ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ತರಕಾರಿ ಬೆಳೆಯುವವರಿಗೆ ಮಾರುತ್ತಿದ್ದ! ಅದನ್ನು ಮೊದಲು ನಿಲ್ಲಿಸಲು ಹೇಳಿದೆ. ಬಿತ್ತನೆಗೆ ಎರಡು ಮೂರು ವಾರ ಮೊದಲು ಗೊಬ್ಬರ ಹರಡಿ ಮಣ್ಣಿಗೆ ಸೇರಿಸುವುದು, ಮಣ್ಣು ಪರೀಕ್ಷೆಯ ವರದಿ ನೋಡಿ ರಸಗೊಬ್ಬರ ಹಾಕುವುದು, ಸಾರಜನಕವನ್ನು ಬಿತ್ತನೆಗೆ ಅರ್ಧ, ಮಳೆ ನೋಡಿಕೊಂಡು ಎಡೆಕುಂಟೆ ಹೊಡೆದ ಮೇಲೆ ಅರ್ಧ ಕೊಡುವುದು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಇಡುವುದು ಎಂದು ತೀರ್ಮಾನವಾಯಿತು. ಬೀಜಕ್ಕೆ ಜಿಪಿಯು-28.

ತಾತನವರು ಒಪ್ಪಲಿಲ್ಲ. “ಹತ್ತು ಗುಂಟೆ ನನಗೆ ಬಿಡು, ನನ್ನ ಥರ ಮಾಡಿ ತೋರಿಸ್ತೀನಿ” ಎಂದರು. ಇದಕ್ಕಿಂತ ಒಳ್ಳೆಯ ಮಾತಿಲ್ಲವೆಂದು ನಾನೂ ಒಪ್ಪಿದೆ. ಆದರೆ ಅವರು ತೋರಿಸಿದ ಹತ್ತು ಗುಂಟೆ ಹೊಲದ ಮೂಡಣ ಮೂಲೆಯದು, ಐವತ್ತು ವರ್ಷದಿಂದ ತಿಪ್ಪೆ ಇದ್ದ ಜಾಗಕ್ಕೆ ಅಂಟಿಕೊಂಡದ್ದು. ನಾನು ನಕ್ಕು, “ಯಜಮಾನರೇ, ಇದು ಆಗದು. ಹೊಲದ ನಡುವೆ, ಮೊಮ್ಮಗನ ತಾಕಿನ ಪಕ್ಕದಲ್ಲೇ ಇರಲಿ. ಮಣ್ಣು ಒಂದೇ ಆದರೆ ತಾನೇ ಪದ್ಧತಿಯ ಗುಣ ತಿಳಿಯುವುದು?” ಎಂದೆ. ಅವರೂ ನಕ್ಕರು. ಗೂಟ ನೆಟ್ಟು ಹುರಿ ಎಳೆದು ಗುರುತು ಮಾಡಿದ್ದಾಗಿದೆ. ಕೊಯ್ಲಿನ ದಿನ ಎರಡೂ ತಾಕುಗಳ ಕಾಳು, ಹುಲ್ಲು, ತೊಗರಿ ಎಲ್ಲವನ್ನೂ ತೂಗಲು, ಇಬ್ಬರ ಖರ್ಚನ್ನೂ ಬರೆದಿಡಲು ಒಪ್ಪಿಗೆಯಾಗಿದೆ. ತಕ್ಕಡಿ ನಾನು ತರಬೇಕಂತೆ.