ಟ್ರಾಮು ಬಂತು, ಸುಳಿವು ಬರಲಿಲ್ಲ

ಒಂದು ಟ್ರಾಮು ಬರುತ್ತದೆ. ತಿರುವಿನಲ್ಲಿ ಕಿರುಗುಟ್ಟುತ್ತ, ರಿಕ್ಷಾ ಎಳೆಯುವವನನ್ನೂ ಧೋತರದ ಚುಂಗು ಹಿಡಿದು ಓಡುವ ಗುಮಾಸ್ತನನ್ನೂ ಬದಿಗೆ ಸರಿಸುತ್ತ, ತನ್ನ ಮಂಕು ಬೆಳಕನ್ನು ರಸ್ತೆಯ ಮೇಲೆ ಚೆಲ್ಲುತ್ತ ಬರುತ್ತದೆ. ಹಿಂದಿನ ಗೋಡೆಗಳ ಮೇಲೆ ಕೈಯಲ್ಲಿ ಬರೆದ ಜಾಹೀರಾತುಗಳು. ಮೇಲೆ ಉದ್ದನೆಯ ಪಟ್ಟಿ ಕಿಟಕಿಗಳು, ಅರ್ಧ ತೆರೆದವು, ಅರ್ಧ ಮುಚ್ಚಿದವು. ಯಾವ ಕಿಟಕಿಯ ಹಿಂದೆ ಯಾರಿದ್ದಾರೋ ಎಂಬ ಕುತೂಹಲ ಕಥೆ ಶುರುವಾಗುವ ಮೊದಲೇ ನೋಡುವವನಿಗೆ ಹತ್ತಿಕೊಂಡುಬಿಡುತ್ತದೆ.

ಇದು 1943ರ ಕಲ್ಕತ್ತೆ. ನಿರ್ದೇಶಕ ದಿಬಾಕರ್ ಬ್ಯಾನರ್ಜಿ 2015ರಲ್ಲಿ ಕಟ್ಟಿ ನಿಲ್ಲಿಸಿದ ಕಲ್ಕತ್ತೆ. ಚಿತ್ರದ ಹೆಸರು ‘ಡಿಟೆಕ್ಟಿವ್ ಬ್ಯೋಮಕೇಶ್ ಬಕ್ಷಿ!’, ಉದ್ಗಾರ ಚಿಹ್ನೆ ಸಮೇತ. ಛಾಯಾಗ್ರಾಹಕ ಗ್ರೀಸ್ ದೇಶದ ನಿಕೋಸ್ ಆಂಡ್ರಿತ್ಸಾಕಿಸ್, ಕಲಾ ವಿನ್ಯಾಸ ವಂದನಾ ಕಟಾರಿಯಾ ಅವರದು. ಇವರಿಬ್ಬರಿಗೆ ಆ ಊರಿನ ಬಗ್ಗೆ ಗೊತ್ತಿದ್ದಷ್ಟು ಚಿತ್ರಕಥೆಗೆ ಗೊತ್ತಿರಲಿಲ್ಲ. ನನ್ನ ತಕರಾರೆಲ್ಲ ಇಷ್ಟೇ. ಆದರೆ ತಕರಾರಿಗೆ ಮೊದಲು ಇನ್ನಷ್ಟು ಹೊತ್ತು ಈ ಬೀದಿಗಳಲ್ಲಿ ಸುತ್ತಾಡಬೇಕು. ಅಷ್ಟು ಚೆನ್ನಾಗಿವೆ.

ಬ್ಯೋಮಕೇಶನಾಗಿ ಸುಶಾಂತ್ ಸಿಂಗ್ ರಾಜಪೂತ್. ನ್ವಾರ್ ಎನ್ನುವ ಕತ್ತಲು-ನೆರಳಿನ ಅಪರಾಧ ಚಿತ್ರಗಳ ಪತ್ತೇದಾರ ಎಂದರೆ ಟೊಪ್ಪಿ, ಉದ್ದ ಕೋಟು, ಬಾಯಲ್ಲಿ ಸಿಗರೇಟು ಎಂಬ ರೂಢಿಯನ್ನು ಈ ಹುಡುಗ ಧೋತರ ಉಟ್ಟು ಮುರಿಯುತ್ತಾನೆ. ಎರಡು ಹುಬ್ಬುಗಳನ್ನೂ ಕೂಡಿಸಿದ ಒಂದೇ ಕಪ್ಪು ಗೆರೆ. ಕಾಲೇಜು ಮುಗಿಸಿದ್ದಾನಷ್ಟೆ, ಜಾಣ ಎಂಬ ಜಂಬ ಹೋಗಿಲ್ಲ. ಕಾಣೆಯಾದ ಅಪ್ಪನನ್ನು ಹುಡುಕಿಕೊಡು ಎಂದು ಅಜಿತ್ ಬಂದು ನಿಂತರೆ, ಅಪ್ಪ ಸತ್ತಿರಬಹುದು, ಇಲ್ಲವೇ ಯಾರೊಂದಿಗೋ ಓಡಿಹೋಗಿರಬಹುದು ಎಂದು ಲೆಕ್ಕದ ಉತ್ತರ ಒಪ್ಪಿಸುವವನ ಹಾಗೆ ಹೇಳುತ್ತಾನೆ. ಅಜಿತ್ ಕಪಾಳಕ್ಕೆ ಬಾರಿಸುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ಬರವಣಿಗೆ ಈ ಏಟು. ಬುದ್ಧಿ ಇದೆ, ಅನುಭವ ಇಲ್ಲ ಎಂಬುದನ್ನು ಹೇಳಲು ಇನ್ನೊಂದು ಮಾತು ಬೇಕಾಗಲಿಲ್ಲ. ಅಜಿತ್ ಆಗಿರುವ ಆನಂದ್ ತಿವಾರಿಯ ಮುಖದಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚು.

ಅಲ್ಲಿಂದ ಆ ಅಪ್ಪನ ಜಾಡು ಹಿಡಿದು ಬ್ಯೋಮಕೇಶ ಡಾಕ್ಟರ್ ಅನುಕೂಲ್ ಗುಹಾ ನಡೆಸುವ ಮೆಸ್ಸಿಗೆ ಬಂದು ಸೇರುತ್ತಾನೆ. ಕಲ್ಕತ್ತೆಯ ಮೆಸ್ಸು ಎಂದರೆ ಬರೀ ಊಟದ ಮನೆಯಲ್ಲ. ಹಳ್ಳಿಯಲ್ಲಿ ಸಂಸಾರ ಬಿಟ್ಟು ಬಂದ ಗುಮಾಸ್ತರು, ಓದುವ ಹುಡುಗರು, ಸಣ್ಣ ವ್ಯಾಪಾರಿಗಳು ಕೋಣೆ ಹಂಚಿಕೊಂಡು ಬದುಕುವ ಜಾಗ. ಒಬ್ಬ ಕೆಮ್ಮಿದರೆ ಮೂರು ಕೋಣೆಗೆ ಕೇಳುತ್ತದೆ. ಗುಟ್ಟು ಇಟ್ಟುಕೊಳ್ಳಲು ಇದಕ್ಕಿಂತ ಕಷ್ಟದ ಜಾಗವಿಲ್ಲ; ಅದಕ್ಕೇ ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ನೀರಜ್ ಕಬಿ ಈ ಡಾಕ್ಟರನಾಗಿ ಮೆತ್ತಗೆ ಮಾತಾಡುತ್ತಾರೆ. ಹುಡುಗನ ತರ್ಕದಲ್ಲಿರುವ ತೂತುಗಳನ್ನು ಮೇಷ್ಟ್ರ ಹಾಗೆ ತೋರಿಸಿಕೊಡುತ್ತಾರೆ. ಇವರಿಬ್ಬರು ಎದುರುಬದುರು ಕೂತಾಗಲೆಲ್ಲ ಚಿತ್ರಕ್ಕೆ ಉಸಿರು ಬರುತ್ತದೆ.

ಸಂಗೀತದ ವಿಷಯದಲ್ಲಿ ಬ್ಯಾನರ್ಜಿ ಧೈರ್ಯ ಮಾಡಿದ್ದಾರೆ. ನಲವತ್ತರ ದಶಕದ ಕಲ್ಕತ್ತೆಗೆ ಇಂದಿನ ಬ್ಯಾಂಡುಗಳ ರಾಕ್, ಎಲೆಕ್ಟ್ರಾನಿಕ್ ಸದ್ದು. ಸ್ನೇಹಾ ಖಾನ್ವಲ್ಕರ್ ಜತೆಗೆ ಬೇರೆ ಬೇರೆ ಬ್ಯಾಂಡುಗಳು ಸೇರಿ ಮಾಡಿದ್ದು. ಕೆಲವರಿಗೆ ಕಿರಿಕಿರಿಯಾಯಿತು. ನನಗೇನೂ ಆಗಲಿಲ್ಲ. ಹಳೆಯ ಊರು ಎಂದಾಕ್ಷಣ ಸಿತಾರು ಮೀಟಬೇಕೆಂದಿಲ್ಲವಲ್ಲ.

ಇನ್ನು ಕಥೆ. ನೋಡದವರು, ನೋಡಬೇಕೆಂದಿರುವವರು ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಬ್ಯೋಮಕೇಶನನ್ನು ಸೃಷ್ಟಿಸಿದ ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರು 1930ರ ದಶಕದ ಆರಂಭದಲ್ಲಿ ಬರೆದ ‘ಸತ್ಯಾನ್ವೇಷಿ’ ಕಥೆಯಲ್ಲೂ ಇದೇ ಮೆಸ್ಸು, ಇದೇ ಅನುಕೂಲ್ ಬಾಬು. ಹೋಮಿಯೋಪತಿ ಡಾಕ್ಟರು, ಪುಡಿಯ ಪೊಟ್ಟಣಗಳ ಮರೆಯಲ್ಲಿ ಕೊಕೇನ್ ಮಾರುತ್ತಾನೆ. ರಾತ್ರಿ ಕಿಟಕಿಯಿಂದ ಕಾಣಬಾರದ್ದನ್ನು ಕಂಡ ಅಶ್ವಿನಿ ಬಾಬು ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಗುತ್ತಾನೆ. ಬ್ಯೋಮಕೇಶ ಸುಳ್ಳು ಹೆಸರು ಹೇಳಿಕೊಂಡು ಅದೇ ಮೆಸ್ಸಿನಲ್ಲಿ ಅಜಿತನ ಕೋಣೆ ಹಂಚಿಕೊಂಡಿದ್ದಾನೆ. ಒಂದು ಓಣಿ, ಒಂದು ಮನೆ, ಬೆರಳೆಣಿಕೆಯ ಜನ. ಡಾಕ್ಟರ ಪೊಟ್ಟಣ ಕಟ್ಟುವುದನ್ನು ನಾವು ಮೊದಲ ಪುಟಗಳಿಂದಲೇ ನೋಡುತ್ತಿರುತ್ತೇವೆ. ಸುಳಿವು ನಮ್ಮ ಮೂಗಿನಡಿಯೇ ಇರುತ್ತದೆ. ಆಮೇಲೆ ಹಣೆ ಚಚ್ಚಿಕೊಳ್ಳುವ ಸುಖ ಓದುಗನದು.

ಬ್ಯಾನರ್ಜಿ ಮತ್ತು ಸಹಲೇಖಕಿ ಊರ್ಮಿ ಜುವೇಕರ್ ಈ ಮನೆಯ ಛಾವಣಿ ಕಿತ್ತು ಅದರ ಮೇಲೆ ಹತ್ತು ಅಂತಸ್ತು ಎಬ್ಬಿಸಿದರು. ಚೀನೀ ಅಫೀಮು ಗ್ಯಾಂಗುಗಳು, ಜಪಾನಿ ದಂತವೈದ್ಯ, ಬ್ರಿಟಿಷ್ ಪೊಲೀಸ್ ಅಧಿಕಾರಿ, ಕಾರ್ಖಾನೆಯ ಮಾಲೀಕನಾದ ರಾಜಕಾರಣಿ, ಸಿನಿಮಾ ನಟಿ, ಸ್ವಾತಂತ್ರ್ಯದ ಹೆಸರು ಹೇಳುವ ಯುವಕರು, ಕೊನೆಗೆ ಕಲ್ಕತ್ತೆಯ ಮೇಲೆ ಜಪಾನಿನ ದಾಳಿಯ ಸಂಚು. ಒಬ್ಬೊಬ್ಬರೂ ಬಂದು ಬ್ಯೋಮಕೇಶನಿಗೆ ಒಂದೊಂದು ಮಾಹಿತಿ ಕೊಟ್ಟು ಹೋಗುತ್ತಾರೆ. ಅವನು ಕಂಡುಹಿಡಿಯುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿ. ಅಜಿತನ ಅಪ್ಪನ ಪಾನ್ ಡಬ್ಬಿಯೊಂದು ಇದೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ, ಮೂಸಿ ನೋಡಬಹುದಾದ ಸುಳಿವು. ಕ್ಯಾಮೆರಾ ಅದರ ಮೇಲೆ ನಿಂತಾಗ ಇದು ಪತ್ತೇದಾರಿ ಚಿತ್ರ ಎನ್ನಿಸುತ್ತದೆ. ಆಮೇಲೆ ಮತ್ತೆ ಯಾರೋ ಕೂತು ಗ್ಯಾಂಗುಗಳ ಇತಿಹಾಸ ವಿವರಿಸತೊಡಗುತ್ತಾರೆ. ಪಾನ್ ಡಬ್ಬಿ ಮೂಲೆಗೆ ಸೇರುತ್ತದೆ.

ಸ್ವಸ್ತಿಕಾ ಮುಖರ್ಜಿಯ ಅಂಗೂರಿ ದೇವಿಯದೂ ಇದೇ ಪಾಡು. ಅವಳನ್ನು ಚಿತ್ರಿಸಿರುವ ಬಗೆ ನೋಡಿದರೆ, ಈ ಹೆಣ್ಣಿಗೆ ಒಂದು ಹಳೆಯ ಗಾಯವಿದೆ, ಅದು ಈಗ ಬಿಚ್ಚಿಕೊಳ್ಳುತ್ತದೆ ಎಂದು ಕಾಯುತ್ತೇವೆ. ಬಿಚ್ಚಿಕೊಳ್ಳುವ ಹೊತ್ತಿಗೆ ಅವಳ ಪಾತ್ರವೇ ಮುಗಿಯುತ್ತ ಬಂದಿರುತ್ತದೆ. ದಿವ್ಯಾ ಮೆನನ್ ಮಾಡಿದ ಸತ್ಯವತಿ ಮೂಲದಲ್ಲಿ ಮುಂದೆ ಬ್ಯೋಮಕೇಶನ ಹೆಂಡತಿಯಾಗುವವಳು. ಇಲ್ಲಿ ಆಗಾಗ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾಳೆ.

ಇನ್ನೊಂದು ತಮಾಷೆ. ಖಳನಾಯಕ ಯಾರೆಂಬುದು ಚಿತ್ರದ ಅತಿದೊಡ್ಡ ಗುಟ್ಟು. ಶರದಿಂದು ಅವರ ಆ ಕಥೆ ಓದಿದವರಿಗೆ ಡಾಕ್ಟರನ ಹೆಸರು ಕೇಳಿದ ಕೂಡಲೇ ಅದು ಬಯಲು. 1993ರಲ್ಲಿ ದೂರದರ್ಶನದಲ್ಲಿ ಬಾಸು ಚಟರ್ಜಿಯವರ ಧಾರಾವಾಹಿ ನೋಡಿದ, ರಜಿತ್ ಕಪೂರ್ ಅವರೇ ಬ್ಯೋಮಕೇಶ ಎಂದು ನಂಬಿದ ನಮ್ಮಂಥವರಿಗೂ ಬಯಲು. ಗೊತ್ತಿದ್ದವರಿಗೂ ಬೇರೇನೋ ಉಳಿಯುವಂತೆ ಬರೆಯಬಹುದಿತ್ತು. ಬರೆದದ್ದು ಮಾತ್ರ ಕೊನೆಯಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿ, ಒಬ್ಬೊಬ್ಬರ ಬಣ್ಣ ಬಯಲು ಮಾಡಿ, ರಕ್ತದ ಓಕುಳಿ ಆಡಿಸುವ ದೀರ್ಘ ಪ್ರಕರಣ. ಅಷ್ಟು ಹೊತ್ತು ಪಿಸುಮಾತಿನಲ್ಲೇ ಹೆದರಿಸಿದ ನೀರಜ್ ಕಬಿ ಅಲ್ಲಿ ಕಂಪನಿ ನಾಟಕದ ರಾಕ್ಷಸನಾಗಿಬಿಡುತ್ತಾರೆ. ತಪ್ಪು ಅವರದಲ್ಲ.

ಕಥೆ ದೊಡ್ಡದಾಗಲೇಬೇಕಿದ್ದರೆ ಊರೇ ಸಾಮಗ್ರಿ ಕೊಡುತ್ತಿತ್ತು. 1942ರ ಡಿಸೆಂಬರ್ 20ರ ರಾತ್ರಿ ಜಪಾನಿ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬು ಹಾಕಿದವು. ಜನ ಊರು ಬಿಟ್ಟು ಓಡಿದರು. ಮುಂದಿನ ಫೆಬ್ರವರಿಯಲ್ಲಿ ಹೊಸ ಹೌರಾ ಸೇತುವೆ ತೆರೆದಾಗ ವಿಮಾನ ದಾಳಿಯ ಭಯಕ್ಕೆ ಸಮಾರಂಭದ ಅಬ್ಬರವೇ ಇರಲಿಲ್ಲ. ಜಪಾನಿಗಳ ಕೈಗೆ ಸಿಗಬಾರದೆಂದು ಸರಕಾರ ಬಂಗಾಳದ ಕರಾವಳಿ ಜಿಲ್ಲೆಗಳಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹೊರುವ ದೋಣಿಗಳನ್ನು ವಶಪಡಿಸಿಕೊಂಡಿತು, ಅಕ್ಕಿಯನ್ನು ಎತ್ತಿಸಿತು. ದೋಣಿಯಿಲ್ಲದೆ ಮೀನಿಲ್ಲ, ಸಾಗಾಟವಿಲ್ಲ. ಅದೇ 1943ರಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಫೀಮಿನ ಸಂಚಿಗಿಂತ ಕರಾಳವಾದ ಕಡತ ಸರಕಾರದ ಕಚೇರಿಯಾದ ರೈಟರ್ಸ್ ಬಿಲ್ಡಿಂಗಿನ ಮೇಜಿನ ಮೇಲೇ ಇತ್ತು. ಜಪಾನಿನ ಭಯವನ್ನು ಕಥೆಯ ನಡುವೆ ತಂದ ಚಿತ್ರಕ್ಕೆ ಆ ಭಯ ಬಡವರ ತಟ್ಟೆಗೆ ಏನು ಮಾಡಿತು ಎಂಬುದು ಬೇಕಾಗಲಿಲ್ಲ.

ಬೇಸರವಾಗುವುದು ಯಾಕೆಂದರೆ ಬ್ಯಾನರ್ಜಿ ಕಥೆ ಹೇಳಲು ಬಾರದವರಲ್ಲ. ‘ಖೋಸ್ಲಾ ಕಾ ಘೋಸ್ಲಾ’ದಲ್ಲಿ ಒಂದು ಸೈಟಿನ ಜಗಳವನ್ನು ಎಷ್ಟು ಅಚ್ಚುಕಟ್ಟಾಗಿ ತೆರೆಗೆ ತಂದಿದ್ದರು! ‘ಶಾಂಘಾಯ್’ನಲ್ಲಿ ಒಂದು ಕೊಲೆಯ ತನಿಖೆ ಇಡೀ ಊರಿನ ಬಂಡವಾಳ ಬಯಲು ಮಾಡುತ್ತದೆ, ಅದಕ್ಕೂ ಕ್ಯಾಮೆರಾ ಹಿಡಿದವರು ಆಂಡ್ರಿತ್ಸಾಕಿಸ್, ಜತೆಗೆ ಬರೆದವರು ಜುವೇಕರ್. ಅಲ್ಲಿ ಸಣ್ಣ ಮನುಷ್ಯರು ಕಥೆಯನ್ನು ಎಳೆದುಕೊಂಡು ಹೋಗುತ್ತಿದ್ದರು. ಇಲ್ಲಿ ಕಥೆ ಅವರನ್ನು ಎಳೆದಾಡುತ್ತದೆ.

ಎರಡನೇ ಭಾಗಕ್ಕೆ ದಾರಿ ಬಿಟ್ಟು ಚಿತ್ರ ಮುಗಿಯುತ್ತದೆ. ಆ ಭಾಗ ಬರಲಿಲ್ಲ. 2020ರ ಜೂನ್‌ನಲ್ಲಿ ಸುಶಾಂತ್ ಹೋದರು. ಬಂಗಾಳಿಯಲ್ಲಿ ಬ್ಯೋಮಕೇಶರಿಗೇನೂ ಬರವಿಲ್ಲ. ಅಬೀರ್ ಚಟರ್ಜಿ, ಜಿಶು ಸೇನ್‌ಗುಪ್ತ, ಅನಿರ್ಬಾನ್ ಭಟ್ಟಾಚಾರ್ಯ, ಒಬ್ಬರಾದ ಮೇಲೊಬ್ಬರು ಬರುತ್ತಲೇ ಇದ್ದಾರೆ. ಅವರ ನಿರ್ದೇಶಕರು ಬಹುಪಾಲು ಬ್ಯೋಮಕೇಶನನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಿ, ಎದುರಿಗೊಂದು ಕುರ್ಚಿ ಹಾಕಿ, ಶಂಕಿತನನ್ನು ಕರೆಸುತ್ತಾರೆ.