ಮೇಲ್ಪಂಕ್ತಿ

ಮಕ್ಕಳಿಗೆ ಅಕ್ಷರ ಕಲಿಸುವ ಉಪಾಧ್ಯಾಯರು ಪುಸ್ತಕದ ಮೇಲ್ಗಡೆ ತಾವೇ ಒಂದು ಸಾಲನ್ನು ದುಂಡಾಗಿ ಬರೆದು, ಅದನ್ನು ನೋಡಿಕೊಂಡು ಕೆಳಗಿನ ಸಾಲುಗಳನ್ನು ಬರೆಯಿರೆಂದು ಹೇಳುವರು. ಅದಕ್ಕೆ ಮೇಲ್ಪಂಕ್ತಿಯೆಂದು ಹೆಸರು. ಅದು ಸೊಟ್ಟಗಾದರೆ ಕೆಳಗಿನವೆಲ್ಲವೂ ಸೊಟ್ಟಗಾಗುವುವು. ಮನೆಯ ಹಿರಿಯರ ನಡತೆಯೂ ಕಿರಿಯರಿಗೆ ಇಂಥದೇ ಒಂದು ಸಾಲಲ್ಲವೇ?

ಕ್ರೈಸ್ತ ಧರ್ಮವು ಈ ತತ್ತ್ವವನ್ನು ಬಹಳವಾಗಿ ಎತ್ತಿಹಿಡಿದಿದೆ. ಯೇಸುಕ್ರಿಸ್ತನು ತನ್ನ ಮರಣದ ಹಿಂದಿನ ರಾತ್ರಿ ಭೋಜನದಿಂದೆದ್ದು, ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು, ಶಿಷ್ಯರ ಪಾದಗಳನ್ನು ತೊಳೆದನೆಂದು ಯೋಹಾನನ ಸುವಾರ್ತೆಯು ತಿಳಿಸುತ್ತದೆ. ಅದು ಆಳು ಮಾಡತಕ್ಕ ಕೆಲಸ. ಗುರುವು ಅದನ್ನು ತಾನು ಮಾಡಿ ತೋರಿಸಿದ ಮೇಲೆಯೇ ಶಿಷ್ಯರಿಗೆ ವಿಧಿಸಿದನು.

ಈ ಪಂಕ್ತಿಯನ್ನು ನೋಡಿ ತಮ್ಮ ಬಾಳನ್ನು ಬರೆದುಕೊಂಡವರಲ್ಲಿ ಫಾದರ್ ಡೇಮಿಯನ್ ಒಬ್ಬರು. ಇವರು 1840ರಲ್ಲಿ ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಗ್ರಾಮದಲ್ಲಿ ಹುಟ್ಟಿ, 1864ರಲ್ಲಿ ಹವಾಯಿ ದ್ವೀಪಗಳಿಗೆ ಬಂದರು. ಅಲ್ಲಿಯ ಸರಕಾರವು 1865ರ ಕಾನೂನಿನ ಪ್ರಕಾರ ಕುಷ್ಠರೋಗಿಗಳನ್ನು ಮಡದಿಮಕ್ಕಳಿಂದ ಅಗಲಿಸಿ, ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಕಳುಹಿಸುತ್ತಿತ್ತು. ಅದಕ್ಕೆ ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟದ ಗೋಡೆ. 1873ನೆಯ ಮೇ ತಿಂಗಳಿನಲ್ಲಿ, ತಮ್ಮ ಮೂವತ್ತಮೂರನೆಯ ವಯಸ್ಸಿನಲ್ಲಿ, ಡೇಮಿಯನ್ನರು ಸ್ವಇಚ್ಛೆಯಿಂದ ಅಲ್ಲಿಗೆ ಹೋದರು.

ಮೊದಮೊದಲು ವ್ರಣಗಳ ದುರ್ಗಂಧವನ್ನು ಸಹಿಸಲಾರದೆ ಅವರು ತಂಬಾಕಿನ ಹೊಗೆಯನ್ನು ಆಶ್ರಯಿಸಬೇಕಾಯಿತು. ಆದರೂ ಹಿಂಜರಿಯಲಿಲ್ಲ. ಗಾಯಗಳನ್ನು ತೊಳೆದು ಕಟ್ಟಿದರು, ಮನೆಗಳನ್ನು ಕಟ್ಟಿದರು, ಕೊಳಾಯಿಯಿಂದ ನೀರು ತರಿಸಿದರು, ಸತ್ತವರಿಗೆ ಪೆಟ್ಟಿಗೆಯನ್ನು ಮಾಡಿ ಗುಂಡಿಯನ್ನು ತೋಡಿದರು. ಶಕ್ತಿಯುಳ್ಳ ರೋಗಿಗಳು ಇದನ್ನು ಕಂಡು ತಾವೂ ಕೈಗೂಡಿಸಿದರು. ಉಪದೇಶ ಮಾಡುವಾಗ ಅವರು ರೋಗಿಗಳನ್ನು ‘ನೀವು’ ಎನ್ನದೆ, ತಮ್ಮನ್ನೂ ಸೇರಿಸಿಕೊಂಡು ‘ನಾವು’ ಎಂದೇ ಹೇಳುತ್ತಿದ್ದರು. ಆ ಮಾತು ಕಡೆಗೆ ನಿಜವಾಯಿತು. ಒಂದು ದಿನ ಕುದಿಯುವ ನೀರು ಕಾಲಿಗೆ ತಗಲಿದರೂ ನೋವಾಗಲಿಲ್ಲ, ರೋಗವು ಅಂಟಿತ್ತು. 1889ನೆಯ ಏಪ್ರಿಲ್ 15ರಂದು ಅವರು ತೀರಿಕೊಂಡರು.

ಡೇಮಿಯನ್ನರು ದೋಷರಹಿತರಲ್ಲ. ಅವರದು ಹಟದ ಸ್ವಭಾವ. ಮೇಲಧಿಕಾರಿಗಳಿಗೆ ಅವರಿಂದ ಬೇಸರವೂ ಆಗುತ್ತಿತ್ತು. ಆದರೆ ಅವರ ಸೇವೆಯ ಸುದ್ದಿಯನ್ನು ಕೇಳಿ, ಅಮೆರಿಕದ ಮಾಜಿ ಸೈನಿಕರಾದ ಜೋಸೆಫ್ ಡಟನ್ನರು 1886ರಲ್ಲಿ ತಾವಾಗಿಯೇ ಬಂದು, ಅಲ್ಲಿ ನಾಲ್ವತ್ತು ವರ್ಷಗಳಿಗೂ ಹೆಚ್ಚುಕಾಲ ದುಡಿದರು. ಅವರನ್ನು ಕರೆತಂದದ್ದು ಯಾವ ಆಜ್ಞೆಯೂ ಅಲ್ಲ, ಒಬ್ಬರ ನಡತೆ. ಆ ಬಂಧನದ ಕಾನೂನು 1969ರಲ್ಲಿ ರದ್ದಾಯಿತು. ಈ ರೋಗವೂ ಈಗ ಔಷಧಗಳಿಂದ ಪೂರ್ಣವಾಗಿ ಗುಣವಾಗುತ್ತದೆ. 2009ರಲ್ಲಿ ಪೋಪರು ಡೇಮಿಯನ್ನರನ್ನು ಸಂತರೆಂದು ಘೋಷಿಸಿದರು.

ಇಂಥ ತ್ಯಾಗವು ಎಲ್ಲರಿಗೂ ಸಾಧ್ಯವೆಂದು ನಾವು ಹೇಳೆವು. ಆದರೆ ಗೃಹಸ್ಥರಾದ ನಮ್ಮ ಪಾಡೇನು? ಸುಳ್ಳಾಡಬೇಡವೆಂದು ಮಗುವಿಗೆ ಬೆಳಿಗ್ಗೆ ಬುದ್ಧಿ ಹೇಳುವೆವು. ಸಂಜೆ ಸಾಲಗಾರನು ಬಾಗಿಲಿಗೆ ಬಂದಾಗ, ತಂದೆಯವರು ಮನೆಯಲ್ಲಿಲ್ಲವೆಂದು ಹೇಳಲು ಅದೇ ಮಗುವನ್ನು ಕಳುಹಿಸುವೆವು. ಎರಡರಲ್ಲಿ ಯಾವ ಪಾಠವು ಅದರ ಮನಸ್ಸಿನಲ್ಲಿ ನಿಲ್ಲುವುದು? ಮನೆಗೆಲಸದವಳನ್ನು ನಾವು ಗದರಿಸುವ ದನಿಯಲ್ಲಿಯೇ ಮಗುವು ನಾಳೆ ತನ್ನ ತಂಗಿಯನ್ನು ಗದರಿಸುವುದು. ಆಗ ಅದನ್ನು ದಂಡಿಸುವುದರಿಂದ ಏನು ಫಲ? ಕೆಳಗಿನ ಸಾಲನ್ನು ಅಳಿಸಹೋಗುವ ಮೊದಲು ಮೇಲಿನ ಸಾಲನ್ನು ನೆಟ್ಟಗೆ ಬರೆಯುವುದು ಹಿರಿಯರಾದ ನಮ್ಮ ಕರ್ತವ್ಯವು.