ಪಹಣಿಯಿಂದ ಎಸ್‌ಕ್ಯೂಎಲ್ ಪಾಠ

ಡೇಟಾಬೇಸಿನಿಂದ ಬೇಕಾದ ಮಾಹಿತಿಯನ್ನು ಕೇಳಿ ಪಡೆಯುವ ಭಾಷೆ ಎಸ್‌ಕ್ಯೂಎಲ್. ಅದನ್ನು ಕಲಿಸುವವರ ಮೊದಲ ಸಿದ್ಧತೆ, ಮಕ್ಕಳಿಗೆ ಗೊತ್ತಿರುವ ಕೋಷ್ಟಕವೊಂದನ್ನು ಆರಿಸುವುದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಸುತ್ತಿನ ಊರುಗಳಿಗೆ ಜಮೀನಿನ ದಾಖಲೆಯಾದ ಪಹಣಿಯೇ ಒಳ್ಳೆಯ ಉದಾಹರಣೆ. 'ಭೂಮಿ' ಯೋಜನೆಯಡಿ ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಸೇರಿ ಎರಡು ದಶಕ ದಾಟಿದೆ.

[ತೆರೆಯ ಮೇಲೆ: ಸರ್ವೆ ನಂಬರ್, ಹಿಸ್ಸಾ, ಖಾತೆದಾರರು, ವಿಸ್ತೀರ್ಣ, ಬೆಳೆ]

ಖಾತೆದಾರರ ಹೆಸರುಗಳು ಕಲ್ಪಿತವಾಗಿರಲಿ. ಇಪ್ಪತ್ತು ಸಾಲು ಸಾಕು. ಉತ್ತರ ಸರಿಯೇ ಎಂದು ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಮುಂದೆ ಪಾಠದ ಕ್ರಮ. 'ಸೆಲೆಕ್ಟ್' ಕಾಲಂ ಆರಿಸುತ್ತದೆ. 'ವೇರ್' ಸಾಲುಗಳನ್ನು ಸೋಸುತ್ತದೆ. 'ಗ್ರೂಪ್ ಬೈ' ಬೆಳೆವಾರು ಗುಂಪು ಮಾಡುತ್ತದೆ. 'ಜಾಯಿನ್' ಹಕ್ಕು ಬದಲಾವಣೆಯ (ಮ್ಯುಟೇಶನ್) ಕೋಷ್ಟಕವನ್ನು ಪಹಣಿಗೆ ಜೋಡಿಸುತ್ತದೆ.

ವಿಸ್ತೀರ್ಣದ ಕಾಲಂನಲ್ಲಿ ಎಚ್ಚರ ಬೇಕು. 2 ಎಕರೆ 30 ಗುಂಟೆಯನ್ನು 2.30 ಎಂದೂ, 1 ಎಕರೆ 20 ಗುಂಟೆಯನ್ನು 1.20 ಎಂದೂ ತುಂಬಿದರೆ ಮೊತ್ತ 3.50 ಬರುತ್ತದೆ. ಎಕರೆಗೆ 40 ಗುಂಟೆ; ಸರಿಯುತ್ತರ 4 ಎಕರೆ 10 ಗುಂಟೆ. ಆದ್ದರಿಂದ ವಿಸ್ತೀರ್ಣವನ್ನು ಗುಂಟೆಯಲ್ಲೇ ತುಂಬಬೇಕು: 110ಕ್ಕೆ 60 ಕೂಡಿಸಿದರೆ 170.

ಪಾಠದ ಪ್ರತಿಯೊಂದು ಕ್ವೆರಿಯನ್ನೂ ಕಲಿಸುವವರು ತರಗತಿಗೆ ಮುಂಚೆ ತಾವೇ ಓಡಿಸಿ, ಉತ್ತರವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಲೇಬೇಕು.